ಮಳೆಗಾಲದ ಟಯರು: ಫೋರ್ ವೀಲ್ ಡ್ರೈವ್ ಇದ್ದರೆ ಸಾಕೆ?

ಮುಂಗಾರು ಹತ್ತಿರ ಬಂದಂತೆ ನಮ್ಮ ಸದಸ್ಯ ಬಾಂಧವರು ಮೈಲುತುತ್ತ, ಸುಣ್ಣ, ಕೊಟ್ಟೆಗಳನ್ನು ಒದಗಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಕೊಳೆರೋಗ ಬಂದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಬರುವ ಮುನ್ನವೇ ಹೊಡೆಯಬೇಕು ಎಂಬುದು ತೋಟದವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಅದೇ ಮೈಲುತುತ್ತವನ್ನು ಹೊತ್ತು ತರುವ ಜೀಪಿನ ಟಯರನ್ನು ಮಳೆಗೆ ಮುನ್ನ ಬಗ್ಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಈ ಸಂಚಿಕೆಯಲ್ಲಿ ಆ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಿದ್ದಕ್ಕೆ ಕಾರಣವುಂಟು.

ಕಳೆದ ಮಳೆಗಾಲದ ಆರಂಭದಲ್ಲಿ ನಾವು ನಾಲ್ವರು ಹುಬ್ಬಳ್ಳಿಯಿಂದ ಸಾಮಾನು ಹೇರಿಕೊಂಡು ಯಲ್ಲಾಪುರದ ಕಡೆಗೆ ಹೊರಟಿದ್ದೆವು. ಕಲಘಟಗಿ ದಾಟಿದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಎದುರಿಗೆ ದನವೊಂದು ಅಡ್ಡ ಬಂತು. ಚಾಲಕರು ಬ್ರೇಕು ಒತ್ತಿದರು. ಜೀಪು ನಿಲ್ಲಲಿಲ್ಲ. ಡಾಂಬರಿನ ಮೇಲೆ ಅಡ್ಡಡ್ಡ ಜಾರಿ, ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿದು ನಿಂತಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿಯೇ ಮರವೋ ಮೋರಿಯೋ ಇದ್ದಿದ್ದರೆ ಈ ಲೇಖನ ಬರೆಯಲು ನಾವು ಇರುತ್ತಿರಲಿಲ್ಲ. "ಫೋರ್ ವೀಲ್ ಗಾಡಿ ಹೀಗೆ ಜಾರಬಾರದಿತ್ತಲ್ಲ" ಎಂದು ಚಾಲಕರು ಮತ್ತೆ ಮತ್ತೆ ಹೇಳುತ್ತಿದ್ದರು. ನಮ್ಮ ನಂಬಿಕೆಯೂ ಅದೇ ಆಗಿತ್ತು. ಆ ನಂಬಿಕೆಯೇ ತಪ್ಪು ಎಂದು ಅನಂತರ ತಿಳಿಯಿತು.

ನಾಲ್ಕು ಚಕ್ರದ ಶಕ್ತಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸಾಧಾರಣ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಹೋಗುತ್ತದೆ. ಫೋರ್ ವೀಲ್ ಡ್ರೈವಿನಲ್ಲಿ ಅದು ನಾಲ್ಕಕ್ಕೂ ಹಂಚಿಕೆಯಾಗುತ್ತದೆ. ಆದುದರಿಂದ ಕೆಸರಿನಿಂದ ಮೇಲೇಳಲು, ತೋಟದ ಏರು ಹತ್ತಲು ಅದು ಬಹಳ ಅನುಕೂಲ. ಕೆಸರಿನ ಇಳಿಜಾರಿನಲ್ಲಿ ಲೋ ಗೇರು ಹಾಕಿದರೆ ಎಂಜಿನ್ನಿನ ತಡೆಯೂ ನಾಲ್ಕು ಚಕ್ರಗಳಿಗೆ ಸಿಗುತ್ತದೆ. ಅಷ್ಟರಮಟ್ಟಿಗೆ ಅದರ ಉಪಕಾರ ನಿಜ.

ಆದರೆ ಬ್ರೇಕು ಒತ್ತಿದಾಗಿನ ಮಾತು ಬೇರೆ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಕ್ಕೇ ಇರುತ್ತದೆ. ಅಲ್ಲಿ ಫೋರ್ ವೀಲ್ ಗಾಡಿಗೆ ವಿಶೇಷ ಲಾಭವೇನೂ ಇಲ್ಲ. ಗಾಡಿಯನ್ನು ನಿಲ್ಲಿಸುವುದೂ ತಿರುವಿನಲ್ಲಿ ಹಿಡಿದಿಡುವುದೂ ನೆಲಕ್ಕೆ ತಾಗಿರುವ ನಾಲ್ಕು ಅಂಗೈಯಗಲದ ರಬ್ಬರು ಮಾತ್ರ. ಫೋರ್ ವೀಲ್ ಇದೆಯೆಂಬ ಧೈರ್ಯದಿಂದ ಸುಲಭವಾಗಿ ವೇಗ ಹಿಡಿಯುತ್ತೇವೆ. ನಿಲ್ಲಿಸುವ ಹೊತ್ತಿಗೆ ಆ ಧೈರ್ಯ ಕೆಲಸಕ್ಕೆ ಬರುವುದಿಲ್ಲ.

ಒಂದು ಸರಳ ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ, ಒಣ ಡಾಂಬರಿನಲ್ಲಿ ಒಳ್ಳೆಯ ಹಿಡಿತವಿದ್ದರೆ, ಬ್ರೇಕು ಒತ್ತಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ರಸ್ತೆ ಒದ್ದೆಯಾಗಿ, ಟಯರೂ ಸವೆದು, ಹಿಡಿತ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿದರೆ 35 ಮೀಟರು ಬೇಕು. ಅದೇ ಗಾಡಿ 15 ಅಡಿಗೆ 1 ಅಡಿ ಇಳಿಯುವ ಘಟ್ಟದಲ್ಲಿದ್ದರೆ 43 ಮೀಟರು. ಚಾಲಕ ಕಂಡು ಕಾಲು ಒತ್ತುವಷ್ಟರಲ್ಲಿ ಹೋಗುವ ಹದಿನೈದಿಪ್ಪತ್ತು ಮೀಟರು ಇದಕ್ಕೆ ಸೇರಿಲ್ಲ. ಅದೇ ಇಳಿಜಾರಿನಲ್ಲಿ ವೇಗವನ್ನು 40ಕ್ಕೆ ಇಳಿಸಿದರೆ 19 ಮೀಟರಿನಲ್ಲಿ ನಿಲ್ಲುತ್ತದೆ. ಅರಬೈಲು ಘಟ್ಟ ಇಳಿಯುವವರು ಈ ಅಂಕಿಗಳನ್ನು ನೆನಪಿಡುವುದು ಒಳ್ಳೆಯದು.

ಹಲ್ಲಿನ ಆಳ

ಟಯರಿನ ಮೇಲಿನ ಹಲ್ಲುಗಳ ನಡುವೆ ಇರುವ ಕಾಲುವೆಗಳು ಅಂದಕ್ಕಾಗಿ ಇರುವುದಲ್ಲ. ತೋಟದಲ್ಲಿ ನಾವು ಬಸಿಗಾಲುವೆ ತೆಗೆಯುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಅವು ಇವೆ: ನೀರು ಹೊರಗೆ ಹೋಗಬೇಕು, ರಬ್ಬರು ನೆಲವನ್ನು ಮುಟ್ಟಬೇಕು. ಕಾಲುವೆ ಸವೆದು ತುಂಬಿಹೋದರೆ ನೀರಿಗೆ ದಾರಿಯಿಲ್ಲ. ಆಗ ಟಯರು ದೋಣಿಯಂತೆ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಚಕ್ರಗಳು ಒದ್ದೆ ರನ್‌ವೇಯಲ್ಲಿ ತೇಲುವುದನ್ನು ಪರೀಕ್ಷಿಸಿ 1963ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ ತೇಲುವ ವೇಗವು ಟಯರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. 30 ಪೌಂಡ್ ಗಾಳಿಯಿದ್ದರೆ ಗಂಟೆಗೆ ಸುಮಾರು 91 ಕಿಲೋಮೀಟರಿಗೆ, 20 ಪೌಂಡಿಗೆ ಇಳಿದಿದ್ದರೆ ಸುಮಾರು 75ಕ್ಕೇ ಚಕ್ರ ತೇಲಬಹುದು. ನಮ್ಮ ಜೀಪಿಗೆ ಇದು ಅಂದಾಜು ಮಾತ್ರ. ಹಲ್ಲು ಸವೆದು ನೀರು ಆಳವಾಗಿದ್ದರೆ ಇನ್ನೂ ಕಡಿಮೆ ವೇಗದಲ್ಲಿ ಹಿಡಿತ ತಪ್ಪೀತು. ಆದರೂ ಗಾಳಿ ಕಡಿಮೆಯಿದ್ದಷ್ಟೂ ಅಪಾಯ ಬೇಗ ಎಂಬ ಮಾತು ಇದರಿಂದ ಸ್ಪಷ್ಟವಾಗುತ್ತದೆ.

ಕಾನೂನಿನ ಪ್ರಕಾರ ಕಾರು, ಜೀಪುಗಳ ಟಯರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಕೂಡದು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಹಲ್ಲು ಆ ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಟಯರಿನ ಆಯುಷ್ಯ ಮುಗಿಯಿತು. ಅದು ಕಾನೂನಿನ ಕೊನೆಯ ಗೆರೆ. ಮಲೆನಾಡಿನ ಮಳೆಗೆ ಅದು ಸಾಲದು. ಮೂರರಿಂದ ನಾಲ್ಕು ಮಿಲಿಮೀಟರು ಉಳಿದಿರುವಾಗಲೇ, ಮಳೆಗಾಲಕ್ಕೆ ಮುನ್ನ, ಬದಲಾಯಿಸುವುದು ಕ್ಷೇಮ. ಅಳೆಯಲು ಯಂತ್ರವೇನೂ ಬೇಡ. ಬೆಂಕಿಕಡ್ಡಿಯನ್ನು ಕಾಲುವೆಯಲ್ಲಿ ನಿಲ್ಲಿಸಿ, ಹಲ್ಲಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಮಕ್ಕಳ ಸ್ಕೇಲಿನ ಮೇಲೆ ಇಟ್ಟು ನೋಡಿ. ಒಳಮಗ್ಗುಲು, ನಡು, ಹೊರಮಗ್ಗುಲು ಮೂರು ಕಡೆಯೂ ನೋಡಬೇಕು.

ಹಲ್ಲಿದ್ದರೂ ಮುದಿಯಾದ ಟಯರು

ನಮ್ಮ ಜೀಪಿನ ಟಯರಿನಲ್ಲಿ ಹಲ್ಲು ಚೆನ್ನಾಗಿಯೇ ಇತ್ತು. ಹಾಗಾದರೆ ಜಾರಿದ್ದು ಏಕೆ? ಇದನ್ನು ಹುಬ್ಬಳ್ಳಿಯ ಟಯರಿನ ಅಂಗಡಿಯ ಹಿರಿಯ ಕೆಲಸಗಾರರೊಬ್ಬರು ನಮಗೆ ತೋರಿಸಿಕೊಟ್ಟರು. ಟಯರಿನ ಮಗ್ಗುಲಲ್ಲಿ ಡಿ.ಓ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ. 1424 ಎಂದಿದ್ದರೆ 2024ನೆಯ ಇಸವಿಯ ಹದಿನಾಲ್ಕನೆಯ ವಾರ. ನಮ್ಮ ಟಯರುಗಳಿಗೆ ಒಂಬತ್ತು ವರ್ಷ ಆಗಿತ್ತು. ಅವರು ಉಗುರು ಊರಿ ತೋರಿಸಿದರು: ಹೊಸ ಟಯರಿನಲ್ಲಿ ಉಗುರು ತುಸು ಇಳಿಯಿತು, ನಮ್ಮದರಲ್ಲಿ ಒಣಗಿದ ಅಡಿಕೆಯ ಮೇಲೆ ಊರಿದಂತಾಯಿತು.

ಸಣ್ಣ ಹಿಡುವಳಿದಾರರ ಗಾಡಿಗಳಿಗೆ ಇರುವ ದೊಡ್ಡ ತೊಂದರೆಯೇ ಇದು. ಬಾಡಿಗೆ ಗಾಡಿ ವರ್ಷಕ್ಕೆ ಬಹಳ ಓಡುತ್ತದೆ, ಹಲ್ಲು ಸವೆದು ತಾನೇ ಟಯರು ಬದಲಾಗುತ್ತದೆ. ನಮ್ಮ ಜೀಪು ತೋಟಕ್ಕೆ, ಪೇಟೆಗೆ, ಮದುವೆ ಮುಂಜಿಗೆ ಓಡಿ ಉಳಿದ ದಿನ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಹಲ್ಲು ಸವೆಯದು, ಆದರೆ ರಬ್ಬರು ಒಳಗೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯ ತರಿಗಳನ್ನು ಅಪ್ಪಿ ಹಿಡಿಯಲಾರದು. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ಬಲ್ಲವರಿಂದ ತೋರಿಸಬೇಕು. ಎಷ್ಟೇ ಹಲ್ಲಿದ್ದರೂ ಹತ್ತು ವರ್ಷ ದಾಟಿದ್ದನ್ನು ಇಟ್ಟುಕೊಳ್ಳಕೂಡದು. ಸ್ಟೆಪ್ನಿಗೂ ಇದೇ ನಿಯಮ.

ಇನ್ನೊಂದು ಎಚ್ಚರಿಕೆ. ತಾಮ್ರದ ಅಂಶ ರಬ್ಬರಿಗೆ ಶತ್ರು, ಎಣ್ಣೆಯೂ ಹಾಗೆಯೇ. ಆದುದರಿಂದ ಮೈಲುತುತ್ತದ ಚೀಲ, ಸಿಂಪರಣೆಯ ಎಣ್ಣೆ, ಡೀಸೆಲ್ ಡಬ್ಬಗಳ ಪಕ್ಕದಲ್ಲಿ ಟಯರನ್ನು ಇಡಬೇಡಿ. ಔಷಧಿ ಚೆಲ್ಲಿದರೆ ಕೂಡಲೇ ತೊಳೆಯಿರಿ.

ಚಳಿಗಾಲದ ಟಯರು ನಮಗೆ ಬೇಕೆ?

ನಮ್ಮ ಅನೇಕ ಮನೆಗಳ ಮಕ್ಕಳು ಈಗ ಕೆನಡ, ಅಮೆರಿಕಗಳಲ್ಲಿದ್ದಾರೆ. ಅಲ್ಲಿ ಹಿಮ ಬೀಳುವ ಕಾಲಕ್ಕೆ ಬೇರೆಯೇ ಟಯರು ಹಾಕುತ್ತಾರೆಂದು ಅವರು ಹೇಳುವುದನ್ನು ಕೇಳಿ, "ನಮಗೂ ಅಂಥದ್ದು ತರಿಸಬಹುದೆ?" ಎಂದು ಕೇಳಿದವರುಂಟು. ಈ ಟಯರಿನ ಕಥೆ ಹಳೆಯದು. ಫಿನ್‌ಲೆಂಡಿನ ನೋಕಿಯ ಪಟ್ಟಣದ ಕಾರ್ಖಾನೆಯವರು 1934ರಲ್ಲಿಯೇ ಹಿಮಕ್ಕೆಂದು ಲಾರಿಯ ಟಯರನ್ನು ಮಾಡಿದ್ದರು. ಸಾಮಾನ್ಯ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಗಟ್ಟಿಯಾಗುತ್ತದೆ. ಚಳಿಗಾಲದ ಟಯರಿನ ರಬ್ಬರು ಆಗಲೂ ಮೆತ್ತಗಿರುವಂತೆ ಮಾಡಿರುತ್ತಾರೆ. ಹುಬ್ಬಳ್ಳಿ-ಧಾರವಾಡದ ಮಾಗಿಯ ಚಳಿ ಸಾಮಾನ್ಯವಾಗಿ 10 ಡಿಗ್ರಿಯ ಮೇಲೆಯೇ ಇರುತ್ತದೆ. ಇಲ್ಲಿನ ಬೇಸಗೆಯ ಡಾಂಬರಿನಲ್ಲಿ ಆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ, ನಿಲ್ಲುವ ದೂರವೂ ಹೆಚ್ಚುತ್ತದೆ. ನಮಗೆ ಅದು ಬೇಡ.

ಆದರೆ ಅವರ ಅನುಭವದಿಂದ ಕಲಿಯುವುದುಂಟು. ಅಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಸಾಗುವ ಸೆಡಾನ್ ಕಾರುಗಳು ಸಾಮಾನ್ಯ. ಆದರೂ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರ ಚಳಿಗಾಲದಿಂದ ಅಂಥ ಕಾರಿಗೂ ಚಳಿಗಾಲದ ಟಯರು ಕಡ್ಡಾಯ. ನಾಲ್ಕು ಚಕ್ರದ ಶಕ್ತಿ ಟಯರಿಗೆ ಬದಲಿಯಲ್ಲ ಎಂಬುದನ್ನು ಅಲ್ಲಿನ ಕಾನೂನೇ ಒಪ್ಪಿದಂತಾಯಿತು. ಹೊರದೇಶದಲ್ಲಿರುವ ಮಕ್ಕಳಿಗೆ ಪತ್ರ ಬರೆಯುವಾಗ ಇಷ್ಟು ತಿಳಿಸಿ: ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇರುವ ಟಯರನ್ನೇ ಕೊಳ್ಳಬೇಕು, ನಾಲ್ಕನ್ನೂ ಒಟ್ಟಿಗೆ ಹಾಕಬೇಕು. ಎಂ ಪ್ಲಸ್ ಎಸ್ ಎಂಬ ಬರಹ ಮಾತ್ರವಿದ್ದರೆ ಅದು ಕೆಸರು-ಹಿಮದ ಹಲ್ಲಿನ ವಿನ್ಯಾಸವನ್ನು ಸೂಚಿಸುತ್ತದೆಯೇ ಹೊರತು ಹಿಮದಲ್ಲಿ ಪರೀಕ್ಷಿಸಿದ್ದೆಂದು ಅರ್ಥವಲ್ಲ.

ನಮ್ಮ ರಸ್ತೆಗೆ ಯಾವುದು?

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಇಷ್ಟರಲ್ಲಿಯೇ ನೆಲ ಮೂರು ಬಗೆಯಾಗುತ್ತದೆ. ಮೊದಲು ಎರೆಮಣ್ಣು: ನೀರು ಕುಡಿದು ಉಬ್ಬಿ, ಹಲ್ಲಿನ ನಡುವೆ ಮೆತ್ತಿಕೊಂಡು, ಟಯರನ್ನು ಬೋಳು ಮಾಡಿಬಿಡುತ್ತದೆ. ಅನಂತರ ಕಾಡಿನ ನಡುವಿನ ಒದ್ದೆ ಡಾಂಬರು. ಕೊನೆಗೆ ತೋಟದ ಜಂಬಿಟ್ಟಿಗೆಯ ದಾರಿ, ಅದರ ಮೇಲೆ ಹಾವಸೆ. ಒಂದೇ ಟಯರು ಈ ಮೂರಕ್ಕೂ ಆಗಬೇಕು.

ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ. ರಸ್ತೆಯ ಟಯರು ಒದ್ದೆ ಡಾಂಬರಿಗೆ ಉತ್ತಮ, ಕೆಸರಿಗೆ ಸಾಲದು. ದೊಡ್ಡ ದೊಡ್ಡ ಹಲ್ಲಿನ ಕೆಸರಿನ ಟಯರು ಮಣ್ಣನ್ನು ಎಸೆದು ಮುಂದೆ ಹೋಗುತ್ತದೆ, ಆದರೆ ಡಾಂಬರಿಗೆ ತಾಗುವ ರಬ್ಬರು ಕಡಿಮೆಯಾದ್ದರಿಂದ ಒದ್ದೆಯಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆಂದು ಅದನ್ನು ಕೊಂಡು ದಿನವೂ ಘಟ್ಟ ಇಳಿಯುವುದು ಜಾಣತನವಲ್ಲ. ಇವೆರಡರ ನಡುವಿನದು ಆಲ್ ಟೆರೇನ್ ಟಯರು. ಬಹುಪಾಲು ಸದಸ್ಯರಿಗೆ ಇದೇ ಹೊಂದುತ್ತದೆ. ವರ್ಷದಲ್ಲಿ ಹೆಚ್ಚು ದಿನ ಡಾಂಬರಿನಲ್ಲಿಯೇ ಓಡುವ ಕಾರಿಗಾದರೆ ಒಳ್ಳೆಯ ರಸ್ತೆ ಟಯರೇ ಸಾಕು. ತೋಟದ ಕೊನೆಯ ಕೆಸರಿಗೆ ಸರಪಳಿ ಕಟ್ಟುವ ಹಳೆಯ ರೂಢಿ ಈಗಲೂ ಕೆಲಸಕ್ಕೆ ಬರುತ್ತದೆ. ಡಾಂಬರಿಗೆ ಬಂದ ಕೂಡಲೇ ಬಿಚ್ಚಬೇಕು.

ಅಳತೆಯನ್ನು ಓದುವುದು ಕಷ್ಟವಲ್ಲ. 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರು, ಮಗ್ಗುಲಿನ ಎತ್ತರ ಅದರ ನೂರಕ್ಕೆ 75 ಪಾಲು, ರೇಡಿಯಲ್ ಕಟ್ಟಣೆ, ರಿಮ್ಮು 15 ಅಂಗುಲ. ಮುಂದಿನ ಅಂಕಿ ಭಾರದ್ದು. 100 ಎಂದಿದ್ದರೆ ಒಂದು ಟಯರು 800 ಕಿಲೋಗ್ರಾಂ ಹೊರಬಲ್ಲದು. ಗಾಡಿಯ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ ಅಂಕಿಯದನ್ನು ಅಗ್ಗವೆಂದು ಕೊಳ್ಳಬಾರದು. ನಾವು ಗೊಬ್ಬರದ ಮೂಟೆ ಹೇರುವವರು.

ನಾಲ್ಕೋ, ಎರಡೋ?

ಖರ್ಚಿನ ದೃಷ್ಟಿಯಿಂದ ಎರಡೇ ಬದಲಾಯಿಸುವ ಆಸೆ ಸಹಜ. ಫೋರ್ ವೀಲ್ ಗಾಡಿಗೆ ಇದು ಸರಿಹೋಗದು. ಹೊಸದೂ ಸವೆದದ್ದೂ ಸುತ್ತಳತೆಯಲ್ಲಿ ಬೇರೆಯಾಗಿರುವುದರಿಂದ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ಲೆಕ್ಕದಲ್ಲಿ ತಿರುಗಿ, ನಡುವಿನ ಗೇರುಪೆಟ್ಟಿಗೆಯ ಮೇಲೆ ಒತ್ತಡ ಬೀಳುತ್ತದೆ. ಟಯರಿನಲ್ಲಿ ಉಳಿಸಿದ್ದು ಗೇರುಪೆಟ್ಟಿಗೆಗೆ ಹೋದೀತು. ನಾಲ್ಕೂ ಒಂದೇ ಅಳತೆ, ಒಂದೇ ಬಗೆ ಇರಲಿ. ಕೈ ಬಿಗಿಯಿದ್ದರೆ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದುಮುಂದು ಬದಲಾಯಿಸುತ್ತ ಬನ್ನಿ, ನಾಲ್ಕೂ ಸಮನಾಗಿ ಸವೆಯುತ್ತವೆ. ಎರಡು ಚಕ್ರಕ್ಕೆ ಮಾತ್ರ ಶಕ್ತಿ ಸಾಗುವ ಕಾರಿಗೆ ಎರಡೇ ಕೊಳ್ಳುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿ. ಹಿಂಬದಿ ಜಾರಿದ ಗಾಡಿಯನ್ನು ಹಿಡಿಯುವುದು ಹೆಚ್ಚು ಕಷ್ಟ.

ಬೇಕೆಂದಾಗ ಮಾತ್ರ ಫೋರ್ ವೀಲ್ ಹಾಕುವ ಹಳೆಯ ಜೀಪುಗಳಲ್ಲಿ ಗಟ್ಟಿ ಡಾಂಬರಿನ ಮೇಲೆ ಅದನ್ನು ಹಾಕಿ ಓಡಿಸಕೂಡದು. ತಿರುವಿನಲ್ಲಿ ಚಕ್ರಗಳು ಒಂದನ್ನೊಂದು ಎಳೆದು ಯಂತ್ರ ಬಿಗಿಯುತ್ತದೆ.

ಮಳೆಗೆ ಮುನ್ನ

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಐದೂ ಟಯರಿನ ಆಳ ಅಳೆದು, ತಯಾರಾದ ವರ್ಷ ಓದಿ, ಚೀಟಿಯಲ್ಲಿ ಬರೆದಿಡಿ. ಗಾಳಿಯನ್ನು ಗಾಡಿ ಓಡುವ ಮುನ್ನ, ಟಯರು ತಣ್ಣಗಿರುವಾಗ, ಬಾಗಿಲ ಕಂಬದ ಚೀಟಿಯಲ್ಲಿರುವಂತೆ ತುಂಬಿಸಿ. ಕೆಸರಿಗೆಂದು ಗಾಳಿ ಇಳಿಸಿದ್ದರೆ ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಿ. ಹೊಸದು ಕೊಳ್ಳುವಾಗ ಅಂಗಡಿಯಲ್ಲಿಯೇ ನಾಲ್ಕು ಅಂಕಿ ನೋಡಿ, ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿದ್ದನ್ನು ತರಬೇಡಿ.

ಮಳೆಗಾಲದ ರಾತ್ರಿ ಹಾವು ಕಚ್ಚಿದವರನ್ನೋ ಹೆರಿಗೆಯ ಹೆಣ್ಣುಮಗಳನ್ನೋ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭ ನಮ್ಮಲ್ಲಿ ಯಾವ ಮನೆಗೂ ಬರಬಹುದು. ಆ ಹೊತ್ತಿನಲ್ಲಿ ಟಯರು ನೋಡುತ್ತ ಕೂರಲಾಗದು. ನಾವು ಎರೆಹೊಲದಲ್ಲಿ ನಿಂತು ಕಲಿತ ಈ ಪಾಠವನ್ನು ಸದಸ್ಯರು ಮನೆಯಂಗಳದಲ್ಲಿಯೇ ಕಲಿಯಲಿ ಎಂಬುದು ನಮ್ಮ ಕೋರಿಕೆ.