ಐದಕ್ಕೇ ಏಕೆ ನಿಲ್ಲುತ್ತದೆ?



ಮದ್ರಸದ ಮುಂದಿನ ರಸ್ತೆಯಲ್ಲಿ ‘ನಿಧಾನವಾಗಿ ಚಲಿಸಿ’ ಎಂಬ ಫಲಕ ಹಾಕಿದರೆ ಓದುವವರು ಕಡಿಮೆ, ಪಾಲಿಸುವವರು ಇನ್ನೂ ಕಡಿಮೆ. ಅಲ್ಲೇ ಒಂದು ಹಂಪ್ ಹಾಕಿಸಿ ನೋಡಿ. ಯಾರೂ ಹೇಳದೆಯೇ ಎಲ್ಲರ ಕಾಲೂ ಬ್ರೇಕಿನ ಮೇಲೆ ಹೋಗುತ್ತದೆ.

ನಮ್ಮ ಮೊಬೈಲಿನೊಳಗೂ ಇಂತಹ ಹಂಪ್‌ಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲು ಹೋದರೆ ಅದು ಒಪ್ಪುವುದಿಲ್ಲ. ಫೋನ್ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಕೆಟ್ಟಿಲ್ಲ. ಆ ಮಿತಿಯ ಹಿಂದೆ ಹಲವು ಸಾವುಗಳಿವೆ.

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವದಂತಿ ರಾಜ್ಯದಿಂದ ರಾಜ್ಯಕ್ಕೆ ಹರಡಿತು. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯಲ್ಲಿ ಗುಂಪೊಂದು ಐವರನ್ನು ಹೊಡೆದು ಕೊಂದಿತು. ಅದೇ ತಿಂಗಳ 13ರಂದು ನಮ್ಮ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿ, ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳಕೊಂಡರು. ಒಂದು ಊರಿನಿಂದ ಅವರ ಕಾರು ಹೊರಟು ಮುಂದಿನ ಊರು ತಲುಪುವಷ್ಟರಲ್ಲಿ ಸಂದೇಶ ಅವರಿಗಿಂತ ಮೊದಲೇ ಅಲ್ಲಿತ್ತು.

ಸುಮಾರು ಒಂದು ವಾರದ ಬಳಿಕ ವಾಟ್ಸ್‌ಆ್ಯಪ್ ಕಂಪೆನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿಯೂ, ಫೋಟೊ-ವಿಡಿಯೊಗಳ ಪಕ್ಕದಲ್ಲಿದ್ದ ಫಾರ್ವರ್ಡ್ ಗುಂಡಿಯನ್ನು ತೆಗೆಯುವುದಾಗಿಯೂ ಪ್ರಕಟಿಸಿತು. 2019ರ ಜನವರಿಯಲ್ಲಿ ಐದರ ಮಿತಿ ಇಡೀ ಜಗತ್ತಿಗೆ ಬಂತು. ಕೊರೋನಾ ಕಾಲದಲ್ಲಿ, 2020ರ ಎಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ, ಎರಡು ಬಾಣದ ಗುರುತಿರುವ ಸಂದೇಶಗಳನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಲಾಯಿತು. ಅಂತಹ ಸಂದೇಶಗಳ ಓಡಾಟ ಇದರಿಂದ ಶೇ. 70ರಷ್ಟು ಇಳಿಯಿತೆಂದು ಕಂಪೆನಿಯೇ ಹೇಳಿಕೊಂಡಿದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಾಟ್ಸ್‌ಆ್ಯಪ್ ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಅವುಗಳಲ್ಲಿ ಏನಿದೆಯೆಂದು ಕಂಪೆನಿಗೆ ಕಾಣುವುದಿಲ್ಲ. ಸುಳ್ಳು ಯಾವುದು, ಸತ್ಯ ಯಾವುದು ಎಂದು ಅದು ತೀರ್ಮಾನಿಸಲೂ ಇಲ್ಲ. ವೇಗವನ್ನಷ್ಟೇ ತಗ್ಗಿಸಿತು. ಕಾನೂನು ತಪ್ಪು ಮಾಡಿದ ಮೇಲೆ ಹಿಡಿಯುತ್ತದೆ. ವಿನ್ಯಾಸವು ತಪ್ಪು ಮಾಡುವ ಘಳಿಗೆಯಲ್ಲೇ ಕೈ ತಡೆಯುತ್ತದೆ.

ಆದರೆ ಹಂಪ್ ಆಂಬ್ಯುಲೆನ್ಸನ್ನೂ ನಿಧಾನಗೊಳಿಸುತ್ತದೆ. ರಕ್ತ ಬೇಕೆಂಬ ತುರ್ತು ಮನವಿಗೂ ಇದೇ ಮಿತಿ. ಕಾಪಿ ಮಾಡಿ ಅಂಟಿಸುವವನಿಗೆ ಮಿತಿಯೇ ಇಲ್ಲ. ನನಗೆ ಇದಕ್ಕಿಂತ ದೊಡ್ಡದೆನಿಸುವ ಚಿಂತೆ ಬೇರೆ. ಶಾಸನಸಭೆ ಮಾಡಿದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಕೋಟ್ಯಂತರ ಜನರ ಬೆರಳನ್ನು ತಡೆಯುವ ಗುಂಡಿಯನ್ನು ಎಲ್ಲಿಡಬೇಕೆಂದು ಮಾತ್ರ ಕಂಪೆನಿಯ ಕೊಠಡಿಯಲ್ಲಿ ನಿರ್ಧಾರವಾಗುತ್ತದೆ.

ಅದೇ ಕೈಚಳಕ ನಮ್ಮ ಜೇಬಿನ ಕಡೆಗೂ ತಿರುಗುತ್ತದೆ. ಟಿಕೆಟ್ ಕಾಯ್ದಿರಿಸುವಾಗ ನಾವು ಕೇಳದ ವಿಮೆ ಬಿಲ್ಲಿಗೆ ಸೇರಿರುತ್ತದೆ. ಚಂದಾದಾರರಾಗಲು ಒಂದು ಒತ್ತು ಸಾಕು, ಬಿಡಲು ಹತ್ತು ಪುಟ ಹುಡುಕಬೇಕು. ಈಗ ಕಾನೂನು ಈ ವಿನ್ಯಾಸವನ್ನೇ ಪ್ರಶ್ನಿಸತೊಡಗಿದೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇಂತಹ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಅಂತಹುದು ಕಂಡರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು.

ಮನೆಯಲ್ಲೂ, ಜಮಾಅತಿನಲ್ಲೂ ನಾವೇ ಹಾಕಬಹುದಾದ ಹಂಪ್‌ಗಳಿವೆ. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಯೂಟ್ಯೂಬಿನ ಆಟೋಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದಾಗ ಪರದೆ ನಿಲ್ಲುತ್ತದೆ, ಮಗು ತಲೆ ಎತ್ತುತ್ತದೆ. ಗ್ರೂಪ್ ನಡೆಸುವವರು ಸೆಟ್ಟಿಂಗ್ಸಿಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಾಯಿಸಬಹುದು. ಊರಿನಲ್ಲಿ ಗಲಾಟೆಯ ಸುದ್ದಿ ಹಬ್ಬಿದ ರಾತ್ರಿ ಇದನ್ನು ಮಾಡಲು ಅರ್ಧ ನಿಮಿಷವೂ ಬೇಡ. ಬೆಳಗ್ಗೆ ಮತ್ತೆ ತೆರೆದರಾಯಿತು.