ಮರಳಿನ ಮೇಲಣ ಅಕ್ಷರ

ಎಳೆಯ ಮಗುವಿನ ತಂದೆಗೆ ಬೇಡವೆಂದರೂ ಶಿಕ್ಷಣಶಾಸ್ತ್ರದ ಉಪದೇಶ ದೊರೆಯುತ್ತದೆ. ನಾವಿರುವ ಪಟ್ಟಂದೂರು ಅಗ್ರಹಾರದಲ್ಲಂತೂ ಬೀದಿಗೊಂದು ಪದ್ಧತಿ. ಅಗ್ರಹಾರವೆಂದರೆ ಹಿಂದೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರು. ಈಗ ಇಲ್ಲಿ ಎದ್ದು ನಿಂತಿರುವುದು ಗಾಜಿನ ಸೌಧಗಳು. ಅವುಗಳ ನೆರಳಿನಲ್ಲಿರುವ ಮಾಂಟೆಸೊರಿ ಶಿಶುವಿಹಾರವೊಂದಕ್ಕೆ, ನನ್ನ ತಿಂಗಳ ಸಂಬಳಕ್ಕೂ ಮಿಕ್ಕ ಶುಲ್ಕ ತೆತ್ತು, ನಾಲ್ಕು ವರ್ಷದ ಮಗಳನ್ನು ಸೇರಿಸಿದೆ.

ಪದ್ಧತಿಯ ಬಗೆಗೆ ನನಗೆ ಗೌರವವೇ ಇದೆ. ಮರಿಯಾ ಮಾಂಟೆಸೊರಿ 1907ರಲ್ಲಿ ರೋಮಿನ ಬಡವರ ಕೇರಿಯಾದ ಸಾನ್ ಲೊರೆಂಜೊದಲ್ಲಿ ಮೊದಲ 'ಮಕ್ಕಳ ಮನೆ'ಯನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ದೆಸೆಯಿಂದ 1946ರವರೆಗೂ ಈ ದೇಶದಲ್ಲಿಯೇ ಉಳಿದರು. ಮಗುವಿಗೆ ಲೇಖನಿ ಕೊಡುವ ಮುನ್ನ ಅವರು ಕೊಡುತ್ತಿದ್ದುದು ಮರಳುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳನ್ನು. ಅದರ ಮೇಲೆ ಬೆರಳಾಡಿಸುತ್ತ ಮಗು ಅದರ ಧ್ವನಿಯನ್ನು ನುಡಿಯುತ್ತದೆ. ಬೆರಳು, ಕಣ್ಣು, ಕಿವಿ ಒಟ್ಟಿಗೆ ಕಲಿಯುತ್ತವೆ. ಇದನ್ನು ಓದಿದಾಗ ನನಗೆ ನೆನಪಾದುದು ನಮ್ಮ ಕೂಲಿಮಠ. ಅಲ್ಲಿಯೂ ಮಕ್ಕಳು ಮರಳು ಹರಡಿಕೊಂಡು ಬೆರಳಿನಿಂದಲೇ ಅಕ್ಷರ ತಿದ್ದುತ್ತಿದ್ದರು. ಬೆತ್ತವೊಂದು ಮಾತ್ರ ಹೆಚ್ಚಿಗೆ!

ನನ್ನ ಕೊರಗು ಬೇರೆ. ಮಗಳ ಶಾಲೆಯ ಮರಳುಕಾಗದದ ಅಕ್ಷರಗಳೆಲ್ಲ ಇಂಗ್ಲಿಷಿನವು. ಪದ್ಧತಿ ಹುಟ್ಟಿದ ಇಟಾಲಿಯನ್ ಭಾಷೆಯಲ್ಲಿ ಬರಹ ಬಹುಮಟ್ಟಿಗೆ ನುಡಿಯನ್ನೇ ಅನುಸರಿಸುತ್ತದೆ, ಕನ್ನಡವೂ ಹಾಗೆಯೇ. ಇಂಗ್ಲಿಷಿನ 'ಸಿ'ಯಾದರೋ 'ಕ್ಯಾಟ್'ನಲ್ಲಿ ಒಂದು ಧ್ವನಿ, 'ಸಿಟಿ'ಯಲ್ಲಿ ಇನ್ನೊಂದು. ಇದನ್ನು ಉಪಾಧ್ಯಾಯಿನಿಯವರಲ್ಲಿ ಹೇಳಿಕೊಂಡೆ. ಅವರು ಸೌಜನ್ಯದಿಂದಲೇ, "ಸರ್, ಕನ್ನಡದ ಅಕ್ಷರ ಸಾಲಾಗಿ ಕೂರೋದಿಲ್ಲವಲ್ಲ" ಎಂದರು. ಮಾತು ಸುಳ್ಳಲ್ಲ. ಬಿಡಿ ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಪದ ಕಟ್ಟುವುದು ಪದ್ಧತಿಯ ಮುಂದಿನ ಮೆಟ್ಟಿಲು. ನಮ್ಮಲ್ಲಿ ಗುಡಿಸು ತಲೆಯೇರುತ್ತದೆ, ಕೊಂಬು ಪಕ್ಕಕ್ಕೆ ತಗುಲಿಕೊಳ್ಳುತ್ತದೆ, ಒತ್ತು ಅಡಿಯಲ್ಲಿ ನೇತಾಡುತ್ತದೆ.

ಹಾಗಾದರೆ ನಾನೇ ಕಲಿಸುವೆನೆಂದು ಸ್ಲೇಟು ತಂದೆ. ಮಗಳ ಕೈಯನ್ನು ನನ್ನ ಕೈಯಲ್ಲಿ ಹಿಡಿದು 'ಅ' ತಿದ್ದಿಸಿದೆ, ಮತ್ತೆ ತಿದ್ದಿಸಿದೆ, ಹತ್ತನೆಯ ಸಲಕ್ಕೆ ಸ್ಲೇಟು ನೆಲಕ್ಕೆ ಬಿತ್ತು. ಆಮೇಲೆ ಸ್ಲೇಟು ಕಂಡರೆ ಸಾಕು, ಅವಳು ತಾಯಿಯ ಸೆರಗಿನ ಹಿಂದೆ. ಪಂಪನನ್ನು ಪಾಠ ಹೇಳುವವನಿಗೆ 'ಅ' ಹೇಳಿಕೊಡಲು ಬರಲಿಲ್ಲ. ಹಾಗೆ ಹಿಡಿದು ತಿದ್ದಿಸಿದುದರಲ್ಲಿ ಇಂಗ್ಲಿಷಿನ ತಪ್ಪೇನಿತ್ತು, ಶಾಲೆಯ ತಪ್ಪೇನಿತ್ತು?

ನನ್ನ ಹೆಂಡತಿ ಹಾರ್ಡ್‌ವೇರ್ ಅಂಗಡಿಯಿಂದ ಮರಳುಕಾಗದ ತರಿಸಿದಳು. ಇಬ್ಬರೂ ಕೂತು ಅಕ್ಷರ ಕತ್ತರಿಸಿದೆವು. ಗುಡಿಸು, ಕೊಂಬು, ಒತ್ತುಗಳನ್ನು ಬೇರೆಯಾಗಿ ಕತ್ತರಿಸಿ, ಎಲ್ಲವನ್ನೂ ಅವಳ ಕೈಗೆಟಕುವ ಗೂಡಿನಲ್ಲಿ ಇಟ್ಟು ಸುಮ್ಮನಾದೆವು. ಸುಮ್ಮನಿರುವುದು ಅಧ್ಯಾಪಕನಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು. ಎರಡು ವಾರ ಅವಳು ಅತ್ತ ತಿರುಗಿ ನೋಡಲಿಲ್ಲ. ಒಂದು ಸಂಜೆ ಒಳಗಿನಿಂದ ಬೆರಳು ಉಜ್ಜುವ ಸಣ್ಣ ಸದ್ದು, ಜೊತೆಗೆ "ಮ... ಮ..."

ಅದಾಗಿ ವರ್ಷ ಕಳೆಯಿತು. 2023ರಲ್ಲಿ ತೆರೆದ ನಮ್ಮೂರ ಮೆಟ್ರೋ ನಿಲ್ದಾಣದ ಫಲಕದಲ್ಲಿ 'ಟ'ದ ಅಡಿಗೆ ಪುಟ್ಟ 'ಟ'ವನ್ನು ಅವಳೇ ಕಂಡುಹಿಡಿದಳು. ಮೊನ್ನೆ ಅಲ್ಲಿಯೇ ನಿಂತಿದ್ದ ಜೀಪೊಂದರ ಮೇಲಣ 'ಕರ್ನಾಟಕ ಸರ್ಕಾರ'ವನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತ, "ಕನಾರ್ಟಕ ಸಕಾರ್ರ" ಎಂದು ಓದಿದಳು. ಆ 'ರ್' ಮೊದಲು ನುಡಿದು ಆಮೇಲೆ ಬರೆಯುವಂಥದು ಎಂದು ತಿಳಿಸಿದೆ.

"ಮುಂಚೆ ಹೇಳೋದನ್ನ ಆಮೇಲೆ ಯಾಕಪ್ಪಾ ಬರೀತಾರೆ?"

ಕೇಶಿರಾಜನನ್ನು ಮನಸ್ಸಿನಲ್ಲಿಯೇ ನೆನೆದೆ. ಅಷ್ಟರಲ್ಲಿ ಜೀಪು ಹೊರಟಿತು; ಅವಳು ಮಾತ್ರ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.