ಘಾಟಿಯಲ್ಲಿ ಹತ್ತಿದ ಹಳದಿ ದೀಪ

ಆಗುಂಬೆಯ 14 ತಿರುವು ಹತ್ತುವಾಗ ಆಟೋಮ್ಯಾಟಿಕ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ, ಕಾರು ಒಂದೇ ಗೇರಿನಲ್ಲಿ ತೆವಳತೊಡಗಿದರೆ ಗೇರ್‌ಬಾಕ್ಸ್ ಹೋಯಿತೆಂದೇ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಸಲ ಅದು ಹೋಗಿರುವುದಿಲ್ಲ. ಹೋಗದಿರಲೆಂದೇ ಅದರ ಕಂಪ್ಯೂಟರು ಗೇರ್ ಬದಲಿಸುವುದನ್ನು ನಿಲ್ಲಿಸಿರುತ್ತದೆ.

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಹೆಚ್ಚಾಗಿ ಮೊದಲು ಕಾಣುವುದು ಪಿ 0700. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಏನೋ ದೂರು ಇದೆ ಎಂದಷ್ಟೇ ಇದರ ಅರ್ಥ. ದೂರು ಏನೆಂಬುದು ಆ ಕಂಪ್ಯೂಟರಿನೊಳಗೆ ಬೇರೆ ಕೋಡಾಗಿ ಕುಳಿತಿರುತ್ತದೆ. ಎಂಜಿನ್ನಿನದನ್ನು ಮಾತ್ರ ಓದುವ ಅಗ್ಗದ ಸ್ಕ್ಯಾನರು ಅಲ್ಲಿಗೆ ತಲುಪುವುದಿಲ್ಲ.

ಒಳಗೆ ಪಿ 0730 ಸಿಕ್ಕಿತೆನ್ನಿ. ಗೇರಿನ ಅನುಪಾತ 2 ಇದ್ದರೆ, ಒಳಬರುವ ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಹೊರಹೋಗುವುದು 1500 ಸುತ್ತಬೇಕು. 1300 ಎಂದು ಕಂಡರೆ ಲೆಕ್ಕ ತಪ್ಪಿತು, ಕೋಡು ಬಿತ್ತು. ಆದರೆ ತಪ್ಪು ಎಲ್ಲಿಯದು? ಕ್ಲಚ್ ಪ್ಲೇಟು ಸವೆದು ಜಾರುತ್ತಿರಬಹುದು, ಆಯಿಲ್ ಕಮ್ಮಿಯಾಗಿ ಒತ್ತಡ ಸಾಲದಿರಬಹುದು, ಇಲ್ಲವೇ ಸುತ್ತು ಎಣಿಸುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಕೋಡು ಹುಡುಕಬೇಕಾದ ಜಾಗವನ್ನು ತೋರಿಸುತ್ತದೆ, ಬದಲಿಸಬೇಕಾದ ಭಾಗವನ್ನಲ್ಲ. ಇದನ್ನು ಮರೆತು ಗೇರ್‌ಬಾಕ್ಸ್ ಇಳಿಸಿದರೆ ವ್ಯರ್ಥವಾಗುವುದು ಮಾಲೀಕರ ದುಡ್ಡು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಾನಂತೂ ಮೊದಲು ನೋಡಿಸುವುದು ವೈರಿಂಗ್. ಪುನರ್ವಸು, ಪುಷ್ಯ ಮಳೆ ಹಿಡಿದರೆ ಕಪ್ಲರಿನೊಳಗೆ ತೇವ ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹತ್ತುತ್ತದೆ. ಬೆಚ್ಚಗಿದೆಯೆಂದು ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರು ಕಡಿಯುತ್ತವೆ. ಬ್ಯಾಟರಿ ಸೋತಿದ್ದರೂ ಕೋಡು ಬೀಳುತ್ತದೆ. ಮಲ್ಟಿಮೀಟರಿನಲ್ಲಿ ಸೆನ್ಸರ್, ಸೊಲೆನಾಯ್ಡುಗಳ ಓಮ್ ಅಳೆದು ಕಂಪನಿಯ ಕೈಪಿಡಿಯೊಂದಿಗೆ ಹೋಲಿಸಬೇಕು. ವೈರನ್ನು ಅಲುಗಾಡಿಸಿ ರೀಡಿಂಗ್ ಜಿಗಿಯುತ್ತದೆಯೇ ನೋಡಬೇಕು.

ಪಿ 0218 ಬಂದರೆ ಆಯಿಲ್ ಕಾದಿದೆ ಎಂದರ್ಥ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಂಜಿನ್ನಿನ ಬಲ ಆಯಿಲ್ ಮೂಲಕ ದಾಟುತ್ತದೆ. ಹುಲಿಕಲ್ ಘಾಟಿಯಲ್ಲಿ ಲಾರಿಯ ಹಿಂದೆ ನಿಧಾನ ಹತ್ತುವಾಗ ಒಳಗಿನ ಜಾರಾಟವೆಲ್ಲ ಶಾಖವಾಗುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಾರ್ಕಿಗೆ ಹಾಕಿ, ಎಂಜಿನ್ ಆರಿಸದೆ ಬಿಡಿ: ಪಂಪು ತಿರುಗುತ್ತಿದ್ದರೇನೇ ಆಯಿಲ್ ಕೂಲರಿಗೆ ಹೋಗಿ ತಣಿಯುವುದು. ಆಮೇಲೆ ಆಯಿಲ್ ಸುಟ್ಟ ವಾಸನೆ ಬರುತ್ತಿದೆಯೇ ಎಂದು ಪರೀಕ್ಷಿಸಿ. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿಯಲ್ಲಿ ಈ ಕನ್ವರ್ಟರ್ ಇಲ್ಲ, ಮಾಮೂಲಿ ಕ್ಲಚ್ಚೇ ಇದೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರು ತಡೆದು ನಿಲ್ಲಿಸಿದರೆ ಉರಿಯುವುದು ಅದು.

ಕೋಡು ಅಳಿಸುವ ಮುನ್ನ ಸ್ಕ್ಯಾನರಿನ ಪರದೆಯ ಫೋಟೋ ತೆಗೆದಿಡಿ. ದೋಷ ಬಿದ್ದ ಕ್ಷಣದ ವೇಗ, ಎಂಜಿನ್ನಿನ ಬಿಸಿ ಇತ್ಯಾದಿ ದಾಖಲೆಯೂ ಕೋಡಿನೊಂದಿಗೆ ಅಳಿಸಿಹೋಗುತ್ತದೆ. ರಿಪೇರಿಯಾದ ಮೇಲೆ ಸಾಗರ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ಜನ, ಲಗೇಜು ಅಷ್ಟೇ ಇಟ್ಟುಕೊಂಡು, ದೀಪ ಹತ್ತಿದ ಘಾಟಿಯನ್ನೇ ಮತ್ತೆ ಹತ್ತಿಸಿ, ಕೋಡು ಮರಳಿ ಬಂದಿದೆಯೇ ಎಂದು ಓದಿಸಬೇಕು.